ಕತ್ತಿ ಮಸೆದವನು

ಗ್ರಿಮ್ಸ್‌ಬಿಯ ಮೀನು ಶೆಡ್ಡು, ಬೆಳಗಿನ ಐದು ಗಂಟೆ.
ಒಂದೇ ಮೇಜಿನ ಎರಡು ತುದಿ, ನಡುವೆ ಕಾಡ್ ಮೀನಿನ ರಾಶಿ.
ಮೂರು ವಾರದಿಂದ ಮಾತಿಲ್ಲ.
ನನ್ನ ಕತ್ತಿ ಮುಟ್ಟಿದ, ಎನ್ನುತ್ತಾಳೆ ಡೊರೀನ್.
ಮಸೆದುಕೊಟ್ಟೆ ಅಷ್ಟೆ, ಎನ್ನುತ್ತಾನೆ ದೈನಿಯುಸ್.

ನಮ್ಮ ಮಾತಿನಲ್ಲಿ ಕತ್ತಿ ಮಸೆಯುವುದೆಂದರೆ ಹಗೆ.
ಇದನ್ನು ಇಂಗ್ಲಿಷಿನಲ್ಲಿ ಹೇಳಲು ಬಾರದೆ
ಮೇಸ್ತ್ರಿಯಾದ ನಾನು
ಐಸ್ ಕೋಣೆಯ ಹಿಂದೆ ಮೂರು ಕ್ರೇಟು ಬೋರಲು ಹಾಕಿ
ಚಹಾ ತಂದೆ. ಫಾರಂ ತುಂಬಲಿಲ್ಲ.
ತಪ್ಪು ಯಾರದೆಂದು ಕೇಳಲಿಲ್ಲ.
ಆ ಕತ್ತಿಯ ಕತೆ ಹೇಳು, ಎಂದೆ.

ಹಿಡಿಯ ಮೇಲಿನ ತಗ್ಗು ಅವಳಪ್ಪನ ಹೆಬ್ಬೆರಳಿನದಂತೆ.
ಅಲಗು ಸವೆದಷ್ಟೂ ಅವನೂ ಸವೆಯುತ್ತಾನಂತೆ.
ದೈನಿಯುಸ್ ಬಹಳ ಹೊತ್ತು ಲೋಟ ತಿರುಗಿಸಿದ.
ಆಮೇಲೆ ತನ್ನದೇ ಮಣಿಕಟ್ಟು ಒತ್ತಿ ತೋರಿಸಿದ:
ಇಲ್ಲಿ. ನಿನಗೆ ಇಲ್ಲಿ ಊದಿತ್ತು.
ಮೊಂಡು ಕತ್ತಿ. ನೋಡಿದೆ.

ನೋಡಿದ್ಯಾ, ಎಂದಳು. ಅಷ್ಟೇ.
ನಾನು ಬಾಯಿ ಹಾಕಲಿಲ್ಲ; ಚಹಾ ಆರಿತು, ಗಂಟೆ ಹೊಡೆಯಿತು.

ಕ್ಷಮೆ ಯಾರೂ ಕೇಳಿಲ್ಲ ಇನ್ನೂ.
ಇವತ್ತೂ ಅವಳು ಮುಖ ಎತ್ತಲಿಲ್ಲ.
ಪಾಳಿ ಮುಗಿಯುವಾಗ ಮಾತ್ರ ಬೇರೊಂದು ಕತ್ತಿ, ಶೆಡ್ಡಿನದು,
ರಾಶಿಯಾಚೆಗೆ ಚಾಚಿದಳು,
ಹಿಡಿ ಅವನ ಕಡೆಗೆ ಮಾಡಿ.