ಬಾಕಿ

ಪಾರ್ಟಿ ಆಫೀಸು ಎಂದು ಸರಕಾರಕ್ಕೆ ಬರೆದುಕೊಟ್ಟ ವಿಳಾಸ ನನ್ನದು.
ಬೋಳಾರದ ಪ್ರೆಸ್ಸಿನ ಹಿಂದಿನ ಕೋಣೆ.
ಕಾಗದದ ರೀಮುಗಳ ಮೇಲೆ ಕುಳಿತು ಏಳು ಜನ ಠರಾವು ಮಾಡಿದರು:
ಹಂಚು ಕಾರ್ಮಿಕರ ಪಕ್ಷ.
ನನ್ನ ಕೇಸಿನಲ್ಲಿ ಆಗ ಕ್ಷ ಇದ್ದದ್ದು ಹನ್ನೊಂದೇ ಮೊಳೆ.
ಅಧ್ಯಕ್ಷ, ಶಿಕ್ಷಣ, ರಕ್ಷಣೆ, ನಿರೀಕ್ಷೆ
ಎಲ್ಲಕ್ಕೂ ಅದೇ ಹನ್ನೊಂದು.
"ಪಕ್ಷ ಪಕ್ಷ ಅನ್ನಬೇಡಿ ದೂಮಣ್ಣ, ನಾವು ಅನ್ನಿ" ಎಂದೆ.
ಕರಪತ್ರ ಚೆಂದ ಬಂತೆಂದು ಊರು ಹೇಳಿದ್ದು
ಆ ಕೊರತೆಗೆ.

ಚಿಹ್ನೆಗೆ ಹಂಚು ಕೇಳಿದರು.
ಪಟ್ಟಿಯಲ್ಲಿ ಹಂಚು ಇಲ್ಲ.
ಮೊದಲ ಸಲ ಏಣಿ ಸಿಕ್ಕಿತು. ಗೋಡೆಗೋಡೆಗೆ ಏಣಿ ಬರೆದು
ಏಣಿಯೆಂದರೆ ದೂಮಣ್ಣ ಎಂದು ಜನಕ್ಕೆ ತಿಳಿಯುವಷ್ಟರಲ್ಲಿ
ಮುಂದಿನ ಸಲ ಹೊಲಿಗೆ ಯಂತ್ರ.
ಏಣಿ ಯಾರೋ ಪಡೀಲಿನವನಿಗೆ ಹೋಯಿತು.
ಜೆಪ್ಪುವಿನ ಅಜ್ಜಿಯಂದಿರು ನೆನಪಿಟ್ಟು ಏಣಿಗೇ ಒತ್ತಿ ಬಂದು
"ನಿಮಗೇ ಹಾಕಿದ್ದು ಮಾರಾಯ್ರೆ" ಎಂದರು, ನಗುತ್ತ.

ಖಜಾಂಚಿ ವಾರಿಜಕ್ಕ. ಕಾರ್ಖಾನೆಯಲ್ಲಿ ಅವರ ಕೆಲಸ
ಸುಟ್ಟ ಹಂಚನ್ನು ಬೆರಳಗಂಟಿನಿಂದ ತಟ್ಟಿ ನೋಡುವುದು.
ಠಣ್ ಎಂದರೆ ಒಳ್ಳೆಯದು, ಡಬ್ ಎಂದರೆ ಬಿರುಕು.
ಮನೆಮನೆಗೆ ಹೋಗಿ ಬಂದ ಸಂಜೆ
ಮತದಾರರ ಪಟ್ಟಿಯ ಮೇಲೆ ಪೆನ್ಸಿಲ್ ಆಡಿಸುವರು:
"ಇವರು ಹಾಕ್ತಾರೆ. ಇವರು ಇಲ್ಲ. ಇವರದ್ದು ಚಾ ಮಾತ್ರ ಗಟ್ಟಿ."

ಆ ಮೊದಲ ಸಲ ಸಾವಿರದ ಒಂಬೈನೂರ ಆರು.
ಠೇವಣಿ ಹೋಯಿತು.
ಆದರೆ ದೊಡ್ಡವರಲ್ಲಿ ಒಬ್ಬ ಸೋತ ಅಂತರ
ಸಾವಿರದ ಮುನ್ನೂರು.
ಒಂದು ವಾರ ನಮ್ಮ ಓಣಿಗೆ ಕಾರು ಬಂತು,
ಬೈಯಲು ಒಂದು, ಅಪ್ಪಿಕೊಳ್ಳಲು ಇನ್ನೊಂದು.
ಎರಡಕ್ಕೂ ಹಸನಬ್ಬ ಅದೇ ಸೋಡಾ ಒಡೆದುಕೊಟ್ಟ.
ದೂಮಣ್ಣ ಆ ವಾರವಿಡೀ ಇಸ್ತ್ರಿ ಹಾಕಿದ ಅಂಗಿ ಹಾಕಿದರು.
ಅಷ್ಟೇ. ಪಕ್ಷವೆಂದರೆ ಹದಿನೈದು ದಿನ ಎಂದು
ಪಂಚಾಂಗ ಮೊದಲೇ ಹೇಳಿತ್ತು.

ಎರಡನೇ ಸಲ ಎಲ್ಲಿಂದಲೋ ಇನ್ನೊಬ್ಬ ದೂಮಣ್ಣನನ್ನು ತಂದು ನಿಲ್ಲಿಸಿದರು.
ಅವನು ಊರಿಗೆ ಕಾಲಿಡಲಿಲ್ಲ, ಭಾಷಣ ಮಾಡಲಿಲ್ಲ.
ಎಣಿಸಿದಾಗ ಅವನಿಗೆ ಎಂಟುನೂರ ಹನ್ನೆರಡು, ನಮ್ಮವರಿಗೆ ಏಳುನೂರ ನಾಲ್ಕು.
"ನನ್ನ ಹೆಸರಾದರೂ ಗೆದ್ದಿತಲ್ಲ" ಎಂದರು ದೂಮಣ್ಣ,
ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ.

ಏಳು ಜನರಲ್ಲೂ ಒಡೆಯಲು ಜಾಗವಿರುತ್ತದೆ.
ಬೊನಿಫಾಸ್ ಲೋಬೊ ಮೂವರೊಂದಿಗೆ ಹೊರಟರು,
ಕಾರಣ ನಾಲ್ಕು ಹೇಳಿದರು, ಒಂದೂ ನೆನಪಿಲ್ಲ.
ಒಂದೇ ಶುಕ್ರವಾರ ಎರಡೂ ಬಣ ಲೆಟರ್‌ಹೆಡ್ಡಿಗೆ ಬಂದವು.
ಹನ್ನೊಂದು ಕ್ಷ. ಇವರಿಗೆ ಆರು, ಅವರಿಗೆ ಐದು, ಹಂಚಿದೆ.
ಆ ಪಕ್ಷ ಇಷ್ಟು ವರ್ಷ ಕೂಗಿದ್ದು ಅದೇ ತಾನೇ, ಹಂಚಿ ಎಂದು.

ಆಮೇಲೆ ಗೂಡು ಆರಿತು. ಚಿಮಣಿಯನ್ನು ಒಂದು ಮಂಗಳವಾರ
ಹಗ್ಗ ಕಟ್ಟಿ ಎಳೆದರು, ಎರಡು ಸಲಕ್ಕೂ ಬೀಳಲಿಲ್ಲ.
ಅಲ್ಲಿ ಎದ್ದ ಹದಿನಾಲ್ಕು ಮಾಳಿಗೆಯಲ್ಲಿ
ಒಂದೇ ಒಂದು ಹಂಚಿಲ್ಲ.
ಕೊನೆಯ ಸಲ ತೊಂಬತ್ತನಾಲ್ಕು ಮತ.
ಎಲ್ಲರೂ ಎದ್ದುಹೋದ ಮೇಲೂ ಎಣಿಕೆಯ ಕೋಣೆಯಲ್ಲಿ
ದೂಮಣ್ಣ ಕುಳಿತೇ ಇದ್ದರು. ಜೇಬಿನಲ್ಲಿ ನನ್ನ ಬಿಲ್ಲು,
ಅದರ ಬೆನ್ನಿಗೆ ಸುತ್ತುಸುತ್ತಿನ ಲೆಕ್ಕ.
ಒಂಬತ್ತನೇ ಸುತ್ತಿನ ಎದುರು ಎರಡು ಗೆರೆ ಎಳೆದಿದ್ದರು:
ಹದಿನೇಳು.
ವಾರಿಜಕ್ಕ ಹೇಳಿದ ಅದೇ ಹದಿನೇಳು.

ಈಗ ದೂಮಣ್ಣ ಇಲ್ಲ, ಮೊಳೆಗಳನ್ನು ಕಿಲೋ ಲೆಕ್ಕದಲ್ಲಿ ಕೊಟ್ಟಾಯಿತು.
ಮೊನ್ನೆ ದಿಲ್ಲಿಯಿಂದ ರಿಜಿಸ್ಟರ್ಡ್ ಅಂಚೆ ಬಂತು,
ಪಕ್ಷದ ಹೆಸರಿಗೆ. ಸಹಿ ಹಾಕಿದ್ದು ನಾನು.
ತಮ್ಮ ಪಕ್ಷವು ಅಸ್ತಿತ್ವದಲ್ಲಿದೆಯೇ?
ಮೂವತ್ತು ದಿನದೊಳಗೆ ಉತ್ತರಿಸತಕ್ಕದ್ದು.
ವಾರಿಜಕ್ಕನ ಮನೆಗೆ ಹೋಗಿ ಓದಿ ಹೇಳಿದೆ.
ಕಿವಿ ಮಂದ. ಕಾಗದವನ್ನೇ ಎರಡು ಸಲ ಬೆರಳಗಂಟಿನಿಂದ ತಟ್ಟಿ
ಸುಮ್ಮನೆ ಹಿಂದೆ ಕೊಟ್ಟರು.

ರಾತ್ರಿ ಹಳೆಯ ಖಾತೆ ಪುಸ್ತಕ ತೆಗೆದೆ.
ಪುಟ ನಲವತ್ತೆರಡು, ನನ್ನದೇ ಕೈಬರಹ:
ಹಂ. ಕಾ. ಪಕ್ಷ, ಕರಪತ್ರ ಎರಡು ಸಾವಿರ, ಹಳದಿ ಕಾಗದ,
ಬಾಕಿ ಸಾವಿರದ ನೂರ ನಲವತ್ತು.
ಹೊಡೆದುಹಾಕಿಲ್ಲ.
ದಿಲ್ಲಿಯವರಿಗೆ ಒಂದೇ ಸಾಲು ಬರೆದೆ,
ನಮ್ಮೂರಿನವರು ಹೇಳುವ ಹಾಗೆ:
ಉಂಟು.