ನೆಕ್ಕುಗಲ್ಲು

ಇಲಾಖೆಯ ಪಟ್ಟಿಯಲ್ಲಿ ಅದರ ಹೆಸರು
ಯೂರಿಯಾ ಕಾಕಂಬಿ ಖನಿಜ ಇಟ್ಟಿಗೆ, ಮೂರು ಕಿಲೋ.
ಬೊಳ್ಕ ಇಟ್ಟ ಹೆಸರು ನೆಕ್ಕುಗಲ್ಲು.
ಬಾಳೆಲೆಯ ಪಶು ಆಸ್ಪತ್ರೆಯಿಂದ ಹನ್ನೆರಡು ಕಲ್ಲು
ಸ್ಕೂಟರಿನ ಕಾಲಬಳಿ ಗೋಣಿಯಲ್ಲಿ ತುಂಬಿ
ಬಾಣೆ ಹತ್ತಿದೆ, ಮಾಘದ ಕೊನೆಗೆ.

ಹುಲ್ಲು ಸೊಂಟದೆತ್ತರ.
ನೋಡಲು ಸಿರಿ, ತಿಂದರೆ ಕಾಗದ.
ಇಲ್ಲಿಯ ಮಳೆ ಮಣ್ಣನ್ನು ತೊಳೆದು ತೊಳೆದು
ಉಪ್ಪನ್ನೆಲ್ಲ ಹೊಳೆಗೆ ಕೊಟ್ಟಿದೆ, ಹೊಳೆ ಕಡಲಿಗೆ.
ಇಂಚು ಸೆಂಟು ಲೆಕ್ಕ ಹಾಕಿ ಬಂದದ್ದನ್ನು ಬರೆದಿಡುವವರು
ಹೋದದ್ದನ್ನು ಬರೆಯುವುದಿಲ್ಲ.
ಅದು ಗೊತ್ತಿರುವುದು ದನದ ನಾಲಿಗೆಗೆ:
ಗೋಡೆಯ ಸುಣ್ಣ, ಒಲೆಯ ಬೂದಿ,
ಬೇಲಿಗೆ ಒಣಹಾಕಿದ ಬೊಳ್ಕನ ಬೆವರಂಗಿ.
ಒಂದು ಕಡಸು, ಬೋರಿ,
ಎಂದೋ ಸತ್ತ ಕಾಟಿಯ ಮೂಳೆಯನ್ನು
ಎಲೆಯಡಿಕೆಯಂತೆ ಜಗಿಯುತ್ತ ನಿಂತಿತ್ತು.

ಎದೆಗೆ ಟೇಪು ಸುತ್ತಿ ತೂಕ ಊಹಿಸಿದೆ.
ನೂರ ಮೂವತ್ತು. ನೂರ ನಲವತ್ತೆರಡು.
ಫಾರಂ ಕೇಳಿತು: ಹಾಲಿಗೋ, ಉಳುಮೆಗೋ, ಮಾಂಸಕ್ಕೋ?
ಚೋಂದವ್ವ ನಕ್ಕರು: "ಸಗಣಿಗೆ. ಬರ್ಕೊಳ್ಳಿ.
ಮೆಣಸಿನ ಬಳ್ಳಿಗೆ ಅದೇ ಹಾಲು."
ಸಗಣಿಗೆ ಕಾಲಂ ಇರಲಿಲ್ಲ,
'ಇತರೆ' ಎಂದು ಬರೆದೆ.

ಆಮೇಲೆ ಬಾಯಿಪಾಠ ಒಪ್ಪಿಸಿದೆ:
ಮೊದಲ ವಾರ ಅರ್ಧ ಗಂಟೆ ಸಾಕು,
ಹಸಿದ ಹೊಟ್ಟೆಗೆ ಬೇಡ, ಎಳೆಗರುವಿಗೆ ಬೇಡವೇ ಬೇಡ,
ನೆಕ್ಕಬೇಕು, ಕಡಿಯಬಾರದು,
ನೆರಳಲ್ಲಿಡಿ.
ನೆರಳು ಅಂದೆ. ಸೂರು ಅನ್ನಲಿಲ್ಲ.

ಬೊಳ್ಕ ಹೊನ್ನೆಮರದ ನೆರಳು ಹುಡುಕಿದ,
ಬೀಟೆಯ ಹಳೇ ಮರಿಗೆಯೊಳಗೆ ಕಲ್ಲು ಕೂರಿಸಿದ.
ಮೂರು ವಾರ. ಪಕ್ಕೆಲುಬು ಒಳಸರಿದವು.
ಒಣಹುಲ್ಲನ್ನೇ ಬರಬರ ಮೇಯತೊಡಗಿದವು.
ಒಂದು ಸಂಜೆ ಅಂಗೈಯಲ್ಲಿ ಸಗಣಿ ಹಿಡಿದು ಬಂದ,
ಪ್ರಸಾದದ ಹಾಗೆ ಚಾಚಿದ:
"ನೋಡಿ ಸಾರ್, ನಾರೇ ಇಲ್ಲ."

ಹೂಮಳೆ ಬಿತ್ತು ಶುಕ್ರವಾರ ರಾತ್ರಿ.
ಒಂದಿಂಚು ಮೂವತ್ತು ಸೆಂಟು.
ಬೆಳಿಗ್ಗೆ ಊರಿಗೂರೇ ಫೋನಿನಲ್ಲಿ:
ನಿಮ್ಮಲ್ಲಿ ಎಷ್ಟು, ಮೇಲಿನ ತೋಟಕ್ಕೆ ಎಷ್ಟು?
ಆ ಸಡಗರದ ನಡುವೆ ಚೋಂದವ್ವನ ದನಿ:
"ನಿಮ್ಮ ಕಲ್ಲು ಕರಗಿದೆ. ಬೇಗ ಬನ್ನಿ."

ಮರಿಗೆಯಲ್ಲಿ ಕಂದು ನೀರು, ಬೆಲ್ಲದ ವಾಸನೆ.
ಕುಡಿದದ್ದು ಎರಡು.
ಕೆಂದೆತ್ತು ನಾನು ಸ್ಕೂಟರ್ ನಿಲ್ಲಿಸುವ ಮೊದಲೇ
ಕಾಲು ಚಾಚಿಬಿಟ್ಟಿತ್ತು.
ಬೋರಿ ನಿಂತೇ ನಡುಗುತ್ತಿತ್ತು,
ಬಾಯಲ್ಲಿ ನೊರೆ, ಎಡಗಡೆ ಹೊಟ್ಟೆ ತಮಟೆ.
ಹುಳಿ ಬೇಕು, ಅಂದೆ, ಯಾವುದಾದರೂ ಹುಳಿ,
ಆಸ್ಪತ್ರೆಯ ವಿನೆಗರ್ ಮುಗಿದು ಎರಡು ತಿಂಗಳು.

ಚೋಂದವ್ವ ಒಳಗೆ ಹೋಗಿ ಬಂದರು.
ಅತ್ತೆ ಕಾಲದ ಕಾಚಂಪುಳಿ, ಶಾಯಿಗಿಂತ ಕಪ್ಪು,
ಮದುವೆಯ ಪಂದಿಗೆಂದು ಎತ್ತಿಟ್ಟ ಬಾಟಲಿ.
ಹನಿಯಲ್ಲಿ ಅಳೆಯುವ ಅದನ್ನು
ತಣ್ಣೀರಿನ ಬಕೆಟ್ಟಿಗೆ ಬುಡಮೇಲು ಮಾಡಿದರು.
ಬೊಳ್ಕ ಮೂಗು ಹಿಡಿದ.
ನಾನು ಬಿದಿರ ಗೊಟ್ಟದಲ್ಲಿ ಎತ್ತಿ ಎತ್ತಿ ಹೊಯ್ದೆ,
ಅರ್ಧ ಗಂಟಲಿಗೆ, ಅರ್ಧ ನನ್ನ ತೋಳಿಗೆ.
ಮಧ್ಯಾಹ್ನದ ಹೊತ್ತಿಗೆ ಅದು ತೇಗಿತು.
ಅಷ್ಟು ದೊಡ್ಡ ತೇಗಿಗೆ ಯಾರೂ ನಗಲಿಲ್ಲ.

ಎತ್ತನ್ನು ಸುಣ್ಣ ಹಾಕಿ ಹೂತೆವು.
ಎಂಟನೆಯ ದಿನ ತೋಟವೆಲ್ಲ ಬಿಳಿ,
ಘಮ ತಲೆನೋವು ಬರುವಷ್ಟು.
ಪರಿಹಾರದ ಅರ್ಜಿ ಹಿಡಿದು ಹೋದರೆ ಚೋಂದವ್ವ
"ಮತ್ತೆರಡು ಕಲ್ಲು ಕೊಟ್ಟು ಹೋಗಿ" ಎಂದರು,
ಬೈಯಬಹುದಿತ್ತು.
ಬೊಳ್ಕ ಮರಿಗೆಯ ಬುಡಕ್ಕೆ ತೂತು ಕೊರೆದಿದ್ದ,
ಮೇಲೆ ತಗಡು ಹೊದೆಸಿದ್ದ.

ಆ ರಾತ್ರಿ ಆಸ್ಪತ್ರೆಯಲ್ಲಿ ಕೂತು
ಉಳಿದಿದ್ದ ಕರಪತ್ರಗಳ ಕಟ್ಟು ಬಿಚ್ಚಿದೆ.
ಒಂದೊಂದರಲ್ಲೂ 'ನೆರಳು' ಹೊಡೆದು
'ಸೂರು' ಎಂದು ತಿದ್ದಿದೆ.
ಮೂವತ್ತೊಂದನೆಯದಕ್ಕೆ ರೀಫಿಲ್ಲು ಮುಗಿಯಿತು.
ತೋಳು ಇನ್ನೂ ಹುಳಿ ನಾರುತ್ತಿತ್ತು.