ದಮ್ಮು

ನಮ್ಮ ಕಡೆ ಈ ಬ್ಯಾನಿಗೆ ದಮ್ಮು ಅಂತಾರೆ.
ಬೀಡಿ ಎಳೆದರೂ ದಮ್ಮು,
ಎದುರು ನಿಲ್ಲುವ ಎದೆಗಾರಿಕೆಗೂ ದಮ್ಮು.
ಮೂರಕ್ಕೂ ಒಂದೇ ಮಾತು ಸಾಕು ಅಂದವರು
ಶಹಾಬಾದಿನ ಪರಸಿ ಕೊರೆಯುವವರೇ ಇರಬೇಕು.

ಯುಗಾದಿಯ ಮರುದಿನ ನನ್ನ ಕೈಗೆ
ಒಂದು ರಿಜಿಸ್ಟರು ಕೊಟ್ಟರು, ಒಂದು ಬೆರಳಿನ ಮಿಷನ್ನು.
ಗುಲಾಬಿ ಸೀರೆ ಮೊದಲೇ ಇತ್ತು.
ಖಣಿ ಓಣಿಯ ತೊಂಬತ್ತೆರಡು ಮನೆ.
ಹೊಸ್ತಿಲಾಚೆ ನಿಂತು ಕೇಳಬೇಕು:
ಜ್ವರ ಅದ ಏನ್ರಿ? ಕೆಮ್ಮು? ಏದುಸಿರು?

ಪೀರಪ್ಪ ನಕ್ಕ. ನಗು ಮುಗಿಯುವ ಮೊದಲೇ ಕೆಮ್ಮಿದ.
"ಯಾವ ಕೆಮ್ಮು ಬರಕೋತಿ ಜಗದೇವಿ?
ಹೊಸಾದೋ, ನಮ್ಮಪ್ಪ ಬಿಟ್ಟು ಹೋದದ್ದೋ?
ಅವನ ಹೊಲ ಅಣ್ಣಗ ಬಂತು, ಕೆಮ್ಮು ನನಗ."
ರಿಜಿಸ್ಟರಿನಲ್ಲಿ 'ಯಾವಾಗಿನಿಂದ' ಎಂಬ ಕಾಲಂ ಇರಲಿಲ್ಲ.
ಅಂಚಿನಲ್ಲಿ ಸಣ್ಣಗೆ ಬರೆದೆ: ಮೂವತ್ತು ವರ್ಷ.
ಮುಂದಿನ ಮನೆಗೆ: ಇಪ್ಪತ್ತೆರಡು.
ಅದರ ಮುಂದಿನದಕ್ಕೆ: ಲಗ್ನ ಆಗಿ ಬಂದಾಗಿನಿಂದ.
ಓಣಿ ಅರ್ಧ ಆಗುವಷ್ಟರಲ್ಲಿ ಅಂಚು ತೀರಿತ್ತು.

ನನ್ನ ಪಂಪು ರವಿಕೆಯೊಳಗೆ.
ಗೋಡೆ ಸಂದಿಯಲ್ಲಿ ಮಾಸ್ಕು ಕೆಳಗೆ ಸರಿಸಿ
ಒಂದು ಹೊಡೆತ, ತಡೆದು ಇನ್ನೊಂದು.
ಕೆಮ್ಮುವ ಆಶಾ ಬಂದರೆ
ಯಾರು ಬಾಗಿಲು ತೆಗೆದಾರು?

ಮಿಷನ್ನುಗಳೆಲ್ಲ ಬಂದ್ ಆಗಿದ್ದವು:
ಕಲ್ಲು ಸೀಳುವ ಚಕ್ರ, ಪಾಲಿಶ್ ಪಟ್ಟಾ,
ಸ್ಟೇಷನ್ ಆಚೆಗಿನ ಚಿಮಣಿ.
ಒಂದು ಅಡ್ಡಮಳೆ ಬಿದ್ದದ್ದೇ ಬೇವು ಹಸಿರಾಯಿತು.
ಮೊದಲಿನಿಂದಲೂ ಹಸಿರೇ ಇತ್ತೋ ಏನೋ,
ನಮ್ಮ ಮಕ್ಕಳು ಚಿತ್ರದಲ್ಲಿ ಬೇವಿಗೆ ಬೂದಿ ಬಣ್ಣ ತುಂಬುತ್ತಿದ್ದರು.
ಕಾಗಿಣಾದ ಆಚೆ ದಂಡೆಯ ಎಮ್ಮೆ ಎಣಿಸಬಹುದಿತ್ತು.
ಎಷ್ಟೋ ವರ್ಷಕ್ಕೆ ನನಗೆ ಮಲಗಿದಲ್ಲೇ ಬೆಳಗಾಯಿತು,
ಗೋಡೆಗೆ ಆತು ಕೂತಲ್ಲಿ ಅಲ್ಲ.
ಇದನ್ನು ಯಾರ ಮುಂದೂ ಹೇಳಲಿಲ್ಲ.
ಪೀರಪ್ಪನ ಮನೆಯ ಹಿಟ್ಟಿನ ಡಬ್ಬಿ
ಬೆರಳು ತಾಗಿದರೆ ಡಣ್ ಅನ್ನುತ್ತಿತ್ತು.

ಆ ಅಮಾಸಿ ರಾತ್ರಿ ಲಾಡ್ಲೇಸಾಬನ ಹೆಂಡತಿ ಬಾಗಿಲು ಬಡಿದಳು.
ಎಂಟು ವರ್ಷದ ಮುಬೀನಾ. ತುಟಿ ನೇರಳೆ.
ಬ್ಯಾನಿ ಒಳಗೆ ಬರಬಾರದೆಂದು
ಕಿಟಕಿ ಮುಚ್ಚಿ ಮನೆ ತುಂಬ ಲೋಬಾನದ ಹೊಗೆ ಹಾಕಿದ್ದರು.
ಪಕ್ಕೆಲುಬಿನ ನಡುವೆ ಚರ್ಮ ಒಳಗೆ ಒಳಗೆ ಎಳೆದು
ಕಮ್ಮಾರನ ಹರಿದ ತಿದಿಯಂಥ ಎದೆ.
ನೂರೆಂಟಕ್ಕೆ ಫೋನು. "ಟೆಸ್ಟ್ ಆಗ್ಯದ ಏನ್ರಿ?
ಗಾಡಿ ಕಲಬುರಗಿಗೆ ಹೋಗ್ಯದ, ತಡಾ ಆಗ್ತದ."
ಬೆರಳಿನ ಮಿಷನ್ನು ಎಂಬತ್ತೆಂಟು ತೋರಿಸಿತು.

ಬೆಳಗಿನಿಂದ ಹೊಸ್ತಿಲು ಹೊಸ್ತಿಲಿಗೆ ನಾನೇ ಹೇಳಿದ್ದೆ:
ಒಬ್ಬರ ಲೋಟ ಇನ್ನೊಬ್ಬರು ಮುಟ್ಟಬ್ಯಾಡ್ರಿ.
ರವಿಕೆಯಿಂದ ಪಂಪು ತೆಗೆದೆ.
ಅದರ ಬಾಯಿ ಬಿಸಿನೀರಲ್ಲಿ ತೊಳೆದು,
ಕಾಸಿದ ಚಾಕುವಿನಿಂದ ಬಾಟಲಿಯ ತಳಕ್ಕೆ ತೂತು ಕೊರೆದು
ಸಿಗಿಸಿ, ಅವಳನ್ನು ಅಂಗಳದ ಗಾಳಿಗೆ ಕೂಡಿಸಿದೆ.
ಎಳಕೋ ಅವ್ವಾ. ಹಿಡಿ. ಬಿಡು. ಇನ್ನೊಮ್ಮೆ.
ಅವಳ ತಾಯಿ ದಖನಿಯಲ್ಲಿ ಎಣಿಸಿದಳು,
ನಾನು ಕನ್ನಡದಲ್ಲಿ,
ಇಬ್ಬರೂ ಹತ್ತಕ್ಕೆ ಒಟ್ಟಿಗೆ ಮುಟ್ಟಲೇ ಇಲ್ಲ.
ಯಾವಾಗಲೋ ಎಂಬತ್ತೆಂಟು ತೊಂಬತ್ತಾಯಿತು,
ಕೋಳಿ ಕೂಗುವ ಹೊತ್ತಿಗೆ ತೊಂಬತ್ನಾಲ್ಕು.
ಮಾತು ಬಂದದ್ದೇ ಮುಬೀನಾ ಕೇಳಿದಳು:
"ನಿಮಗೂ ದಮ್ಮು ಅದ ಏನ್ರಿ?"

ಬೆಳಿಗ್ಗೆ ಇಡೀ ಓಣಿಗೆ ಗೊತ್ತಿತ್ತು.
ಯಾರೂ ಬಾಗಿಲು ಹಾಕಲಿಲ್ಲ ಅಂದರೆ ಸುಳ್ಳು.
ಆರು ಮನೆ ಹಾಕಿದವು.
ಪೀರಪ್ಪ ಬೀಡಿ ಆರಿಸಿ ಕಿವಿಗೆ ಸಿಗಿಸಿಕೊಂಡು
ಕಟ್ಟೆಯ ಮೇಲೆ ಜಾಗ ಬಿಟ್ಟು ಸರಿದ, ಅಷ್ಟೇ.

ಮೃಗಶಿರಾ ಹೊತ್ತಿಗೆ ಚಕ್ರ ಮತ್ತೆ ತಿರುಗಿದವು.
ಆ ಕರ್ಕಶಕ್ಕೆ ಓಣಿಗೆ ಓಣಿಯೇ ಎದ್ದು ಮುಖ ತೊಳೆಯಿತು.
ಹಿಟ್ಟು ಬಂತು, ಧೂಳು ಬಂತು,
ಯಾವುದು ಮೊದಲು ಬಂತೆಂದು ಹೇಳಲಾರೆ.
ನನ್ನ ಎದೆ ಬಿಗಿಯಿತು, ನನಗೂ ಸಂತೋಷವಾಗಿತ್ತು.

ಹೊಸ ರಿಜಿಸ್ಟರು ಕೊಟ್ಟರು. ಅಂಚು ಇನ್ನೂ ಕಿರಿದು.
ಮೊದಲ ಸಾಲಿಗೆ ನನ್ನ ಹೆಸರೇ ಹಾಕಿದೆ.
ಜಗದೇವಿ, ಮೂವತ್ತೊಂಬತ್ತು. ಜ್ವರ: ಇಲ್ಲ.
ಕೆಮ್ಮು—
ಹಾಳೆಯ ಮೇಲೆ ಆಗಲೇ ಬಿಳಿ ಪುಡಿ ಕೂತಿತ್ತು.
ಊದಿ, ಬರೆದೆ.